ಗೊಂಬೆ ಮೆಟ್ಲು ಚಿಕ್ಕದು ಮಾಡಕ್ಕೋಗಿ ಪ್ಲೈವುಡ್ಡೂ ತೆಳ್ಳಗಾಯ್ತು

ಈ ಸಲ ದಸರಾಗೆ ಗೊಂಬೆ ಕೂರ್ಸಕ್ಕೆ ಮರದ ಮೆಟ್ಲೇ ಮಾಡಿಸ್ಬಿಡೋಣ ಅಂತ ಅಮ್ಮ ಅಂದಿದ್ದೇ ತಡ, ನಾನು ಕಂಪ್ಯೂಟರಲ್ಲಿ 3ಡಿ ಮಾಡಲ್ ಮಾಡೋ ಬ್ಲೆಂಡರ್ ಅನ್ನೋ ಸಾಫ್ಟ್‌ವೇರ್ ಓಪನ್ ಮಾಡ್ಕೊಂಡು ಕೂತೆ. ಇಷ್ಟು ವರ್ಷ ಟ್ರಂಕು, ಸ್ಟೂಲು, ಹಳೇ ಡಬ್ಬ ಜೋಡ್ಸಿ ಮೇಲೆ ಬಿಳಿ ಪಂಚೆ ಹಾಸಿ ಮುಗಿಸ್ತಿದ್ವಿ. 7 ಮೆಟ್ಲು, ಒಂದೊಂದೂ 4 ಅಡಿ ಉದ್ದ, 9 ಇಂಚು ಅಗಲ, 18 ಎಂಎಂ ಪ್ಲೈವುಡ್ಡು, ಎರಡು ಪಕ್ಕಕ್ಕೂ ಒಂದೊಂದು ಹಲಗೆ.

ಅದನ್ನ ತೆರೆದ ಕೂಡ್ಲೇ ಬರೋ ಕ್ಯೂಬು 2 ಮೀಟರ್ ಇರತ್ತೆ, ಅದನ್ನ ಹಿಗ್ಗಿಸಿ ಕುಗ್ಗಿಸೋ ಎಸ್ ಕೀ ಒತ್ತಿ ಮೌಸಲ್ಲಿ ಎಳೀತಾ ಕೂತ್ರೆ ಅಳತೆ ಜನ್ಮಕ್ಕೂ ಕೂಡಲ್ಲ ಕಣ್ರಿ, ಎನ್ ಒತ್ತಿ ಪಕ್ಕದ ಪ್ಯಾನಲಲ್ಲಿ ಡೈಮೆನ್ಶನ್ಸ್ ಅಂತಿರೋ ಕಡೆ ನಂಬರೇ ಹಾಕ್ಬಿಡಿ. ನಾನು ಎಕ್ಸ್‌ಗೆ, ಅಂದ್ರೆ ಉದ್ದಕ್ಕೆ, 4 ಅಡಿನ ಮೀಟರಲ್ಲಿ 1.2192 ಅಂತ ಹಾಕ್ದೆ, ಸ್ಕೇಲ್, ಅಂದ್ರೆ ಮೂಲ ಕ್ಯೂಬಿನ ಎಷ್ಟು ಪಾಲು ಅನ್ನೋದು, ತಾನಾಗೇ 0.6096 ಆಯ್ತು, ದಪ್ಪದ ದಿಕ್ಕು ಝಡ್‌ಗೆ 0.018 ಹಾಕ್ದೆ, ಅಲ್ಲಿ 0.009. ಮಕ್ಕಳಿಗೆ ಚುಚ್ಚದಿರ್ಲಿ ಅಂತ ಅಂಚಿನ ಚೂಪು ತೆಗೆಯೋ ಬೆವೆಲ್ ಕೊಟ್ರೆ ಒಂದ್ಕಡೆ ಉದ್ದಕ್ಕೆ ಎಳ್ಕೊಂಡಿದೆ, ಇನ್ನೊಂದ್ಕಡೆ ಕಾಣಿಸ್ತಾನೇ ಇಲ್ಲ! ನಮ್ ಕಣ್ಣಿಗೆ ಹಲಗೆ, ಒಳಗೆ ಅದಿನ್ನೂ ಅದೇ ಕ್ಯೂಬು, ಬೆವೆಲ್ ಆಗೋದು ಆ ಕ್ಯೂಬಿಗೆ, ಆಮೇಲೆ ಒಂದೊಂದು ದಿಕ್ಕಲ್ಲಿ ಒಂದೊಂದು ಥರ ಕುಗ್ಗತ್ತೆ. ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡ್ದೆ, ಅಂದ್ರೆ ಈಗಿರೋ ಅಳತೇನೇ ಮೂಲ ಅಂತ ಮಾಡ್ದೆ, ಮೂರೂ ದಿಕ್ಕಿನ ಸ್ಕೇಲ್ 1 ಆಯ್ತು, ಅಂಚು ನೆಟ್ಟಗಾಯ್ತು.

ಅಷ್ಟರಲ್ಲಿ ಅಮ್ಮ ಗೋಡೇನ ಗೇಣಲ್ಲಿ ಅಳೆದು ಬಂದು, ಫ್ರಿಜ್ಜಿಂದ ಈಚೆಗೆ ಮೂರೂವರೆ ಅಡಿನೇ ಇರೋದು ಕಣೋ ಅಂದ್ರು. ಅದಕ್ಕೇನಂತೆ ಅಂತ ಎಲ್ಲಾ ಸೆಲೆಕ್ಟ್ ಮಾಡಿ ಎಸ್ ಒತ್ತಿ 0.875 ಕೊಟ್ಟೆ, ನಾಲ್ಕಕ್ಕೆ ಮೂರೂವರೆ ಅಂದ್ರೆ ಅಷ್ಟೇ. ಹಲಗೆ 15.75 ಎಂಎಂ ಆಗೋಯ್ತು, ಅಗಲ 8 ಇಂಚಿಗಿಂತ ಕಮ್ಮಿ. ಆ ದಪ್ಪದ ಪ್ಲೈವುಡ್ ನಮ್ ಅಂಗಡೀಲಿ ಕೇಳಿದ್ರೆ ನಗ್ತಾರೆ, ಪಟ್ಟದ ಗೊಂಬೆ ಬೇರೆ ಮೂಗು ಮುಂದಕ್ಕೆ ಹಾಕಿ ನಿಂತ್ಕೋಬೇಕು.

ಅನ್‌ಡೂ ಮಾಡಿ ಉದ್ದದ ದಿಕ್ಕಲ್ಲಿ ಮಾತ್ರ ಕುಗ್ಲಿ ಅಂತ ಎಸ್ ಎಕ್ಸ್ 0.875 ಕೊಟ್ಟೆ, ಮೆಟ್ಲುಗಳು ಸರಿಯಾದ್ವು, ಆದ್ರೆ ಪಕ್ಕದ ಹಲಗೆಗಳ ದಪ್ಪ ಇರೋದೇ ಎಕ್ಸ್ ದಿಕ್ಕಲ್ಲಿ, ಅವು ಮತ್ತೆ 15.75! ಕೊನೆಗೆ ಅವನ್ನ ಬಿಟ್ಟು ಮೆಟ್ಲಿಗೆ ಮಾತ್ರ ಸ್ಕೇಲ್ ಮಾಡಿ, ಪಕ್ಕದವನ್ನ ಜಾಗ ಸರಿಸೋ ಜಿ, ಆಮೇಲೆ ಎಕ್ಸ್ ಒತ್ತಿ ಎರಡೂ ಕಡೆಯಿಂದ 3 ಇಂಚು ಒಳಕ್ಕೆ ತಳ್ಳಿದೆ.

ಸಂಜೆ ಕಾರ್ಪೆಂಟರ್ ಬಂದ್ರು, ಲ್ಯಾಪ್‌ಟಾಪ್ ತಿರುಗಿಸಿ ತೋರಿಸ್ದೆ, ಮೀಟರಲ್ಲಿ ಬರ್ದಿರೋದು ನೋಡಿ ‘ಇದೆಲ್ಲಾ ನಂಗೊತ್ತಾಗಲ್ಲ, ಅಡಿ ಇಂಚಲ್ಲಿ ಹೇಳಿ ಸಾರ್’ ಅಂದ್ರು. ಯೂನಿಟ್ಸ್‌ನ ಇಂಪೀರಿಯಲ್‌ಗೆ ಬದಲಾಯಿಸ್ದೆ, ಬರೀ ತೋರ್ಸೋ ನಂಬರ್ ಬದಲಾಗೋದು, ಮಾಡಲ್ ಅಲ್ಲಾಡಲ್ಲ. ಅವರು ಕ್ಯಾಲೆಂಡರ್ ಹಾಳೆ ಹಿಂದೆ ಬರ್ಕೊಂಡು ಹೋದ್ರು.