ಅಜ್ಜನ ಜವಾರಿ ಮಾವಿಗೆ ಕಸಿ, ಏಳು ತಿಂಗಳಾದ ಮೇಲೆ

ಬೀದರ್ ಹತ್ತಿರ ನಮ್ಮ ಹೊಲದ ಬದುವಿನ ಮೇಲೆ ಅಜ್ಜ ಹಚ್ಚಿದ ಜವಾರಿ ಮಾವು ಇದೆ. ಕಾಯಿ ಉಪ್ಪಿನಕಾಯಿಗೆ ಬಹಳ ಚೆನ್ನ, ಹಣ್ಣು ಬರೀ ನಾರು. ಕಡಿದು ಹೊಸ ಸಸಿ ಹಚ್ಚೋಣ ಅಂತ ಮನೆಯಲ್ಲಿ ಮಾತಾಗಿತ್ತು. ನನಗೆ ಮನಸ್ಸಾಗಲಿಲ್ಲ. ಈ ಕೆಂಪು ಕಲ್ಲಿನ ನೆಲದಲ್ಲಿ ಅಷ್ಟು ಆಳಕ್ಕೆ ಇಳಿದ ಬೇರು ಮತ್ತೆ ಎಲ್ಲಿ ಸಿಗುತ್ತೆ?

ಅದೇ ಮರದ ಮೇಲೆ ಒಳ್ಳೆ ಜಾತಿಯ ಮಾವು ಕಸಿ ಕಟ್ಟೋಣ ಅಂತ, ಹೊಸ ಚಿಗುರು ಬರಲಿ ಎಂದು ಫೆಬ್ರವರಿ ಕೊನೆಗೆ ನಾಲ್ಕು ಕೊಂಬೆ ಕೊಯ್ದೆವು. ಮಧ್ಯಾಹ್ನದ ಬಿಸಿಲಿಗೆ ನೆರಳಾಗಲಿ ಅಂತ ಪಶ್ಚಿಮದ್ದೊಂದು ಬಿಟ್ಟೆವು. ಕೊಯ್ದ ಜಾಗ ಕೊಳೆಯದಿರಲಿ ಅಂತ ಅದಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರಿನ ಬೋರ್ಡೋ ಪೇಸ್ಟ್ ಬಳಿದೆವು. ಏಪ್ರಿಲ್‌ನಲ್ಲಿ ಚಿಗುರು ಗುಂಪುಗುಂಪಾಗಿ ಬಂತು. ಕೊಂಬೆಗೆ ನಾಲ್ಕು ಗಟ್ಟಿ ಚಿಗುರು ಉಳಿಸಿ ಮಿಕ್ಕಿದ್ದು ಚಿವುಟಿದೆ.

ತಡೆಯೋಕಾಗದೆ ಮೇ ತಿಂಗಳಲ್ಲೇ ಆರು ಕಸಿ ಕಟ್ಟಿದೆ. ಹತ್ತು ದಿನದಲ್ಲಿ ಆರೂ ಒಣಗಿದವು. ಆ ಬಿಸಿಗಾಳಿಗೆ ಕಸಿ ಕಡ್ಡಿ (ಒಳ್ಳೆ ಜಾತಿಯ ಗಿಡದಿಂದ ತಂದ ಕಡ್ಡಿ) ಚಿಗುರಿಗೆ ಬೆಸೆಯೋ ಮುಂಚೆಯೇ ಒಣಗುತ್ತೆ. ತುಂಬಾ ಬೇಜಾರಾಯ್ತು.

ಮಳೆ ಹಿಡಿದ ಮೇಲೆ ಜುಲೈನಲ್ಲಿ ಮತ್ತೆ ಶುರು. ಈ ಸಲ ಗೆಳೆಯನ ತೋಟದ ಮಲ್ಲಿಕಾ, ಕೇಸರ್ ಜಾತಿಯ ಮಾವಿನ ಗಿಡಗಳಲ್ಲಿ ಕಡ್ಡಿ ಗುರುತು ಮಾಡಿ, ಎಂಟು ದಿನ ಮುಂಚೆಯೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟಿದ್ದೆವು. ಹಾಗೆ ಮಾಡಿದರೆ ತುದಿಯ ಮೊಗ್ಗು ಉಬ್ಬುತ್ತೆ. ಹಸಿ ಗೋಣಿಯಲ್ಲಿ ಸುತ್ತಿ ತಂದು ಅದೇ ದಿನ ಕಟ್ಟಿದೆ. ಕಡ್ಡಿಯ ಬುಡವನ್ನು ಎರಡೂ ಕಡೆ ಕೊರೆದು ಬೆಣೆ ಮಾಡಿ, ಚಿಗುರಿನ ತುದಿ ಕತ್ತರಿಸಿ ನಡುವೆ ಸೀಳಿ, ಒಳಗೆ ಇಳಿಸೋದು. ದಪ್ಪ ಹೊಂದದಿದ್ದರೂ ಪರವಾಗಿಲ್ಲ, ತೊಗಟೆ ಕೆಳಗಿನ ಹಸಿರು ಗೆರೆ ಒಂದು ಕಡೆಯಾದರೂ ಸರಿಯಾಗಿ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿದೆ. ಹದಿನೆಂಟನೇ ದಿನ ಕವರ್ ಒಳಗೆ ನೀರ ಹನಿಗಳ ನಡುವೆ ತಾಮ್ರದ ಬಣ್ಣದ ಎಲೆ, ಉಗುರಿನಷ್ಟು! ಅವ್ವನನ್ನು ಕೂಗಿ ಕರೆದು ತೋರಿಸಿದೆ.

ಹದಿನಾಲ್ಕರಲ್ಲಿ ಒಂಬತ್ತು ಹಿಡಿದಿವೆ. ಒಂದಕ್ಕೆ ಪಟ್ಟಿ ಬಿಚ್ಚೋದು ತಡವಾಗಿ ತೊಗಟೆಗೆ ಕಚ್ಚಿಕೊಂಡಿತ್ತು, ಗಾಳಿಗೆ ಅಲ್ಲೇ ಮುರಿಯಿತು. ಉಳಿದ ಎಂಟಕ್ಕೆ ಒಣ ತೊಗರಿ ಕಟ್ಟಿಗೆ ಆಸರೆ ಕಟ್ಟಿದ್ದೀನಿ. ಕಸಿಯ ಕೆಳಗೆ ಬರೋ ಜವಾರಿ ಚಿಗುರನ್ನು ವಾರಕ್ಕೊಮ್ಮೆ ತೆಗೀತೀನಿ, ಬಿಟ್ಟರೆ ಅದೇ ಜಾಸ್ತಿ ಬೆಳೆದು ಕಸಿಯನ್ನು ಮುಚ್ಚಿಬಿಡುತ್ತೆ.

ಪಶ್ಚಿಮದ ಕೊಂಬೆಗೂ ಮುಂದಿನ ವರ್ಷ ಕಸಿ ಮಾಡೋಣ ಅಂದೆ. ಅವ್ವ ಬಿಲ್‌ಕುಲ್ ಬೇಡ ಅಂದರು, ಉಪ್ಪಿನಕಾಯಿಗೆ ಆ ಕಾಯಿಯೇ ಬೇಕಂತೆ. ಸರಿ, ಅದು ಹಾಗೇ ಇರಲಿ. ಕೇಸರ್ ಮೇಲೆ ನೆರಳು ಬೀಳಿಸೋ ಎರಡು ರೆಂಬೆ ಮಾತ್ರ ನಾಳೆ ತೆಗೀತೀನಿ.