ಖಾರ ಸ್ವಲ್ಪ ಸಾಕು: ಟ್ರಿನಿಡಾಡ್ ಸುತ್ತಾಟ

ಬೀಚ್‌ಗೋಸ್ಕರವೇ ಕೆರಿಬಿಯನ್‌ಗೆ ಹೊರಟವರು ಸಾಮಾನ್ಯವಾಗಿ ಟ್ರಿನಿಡಾಡ್ ಕಡೆ ತಲೆ ಹಾಕುವುದಿಲ್ಲ. ಬಾರ್ಬಡೋಸ್ ಇದೆ, ಆಂಟಿಗಾ ಇದೆ, ಪಕ್ಕದಲ್ಲೇ ಟೊಬೇಗೊ ಇದೆ. ಟ್ರಿನಿಡಾಡ್ ಎಂದರೆ ತೈಲ, ಗ್ಯಾಸ್ ಮತ್ತು ಟ್ರಾಫಿಕ್. ವೆನೆಜುವೆಲಾದ ಒರಿನೊಕೊ ನದಿ ಹೊತ್ತು ತರುವ ಮಣ್ಣಿನಿಂದಾಗಿ ದ್ವೀಪದ ದಕ್ಷಿಣ, ಪಶ್ಚಿಮದ ಕಡಲು ಎಷ್ಟೋ ಸಲ ಕಂದು ಬಣ್ಣಕ್ಕಿರುತ್ತದೆ. ಕ್ಯಾಲೆಂಡರ್‌ನಲ್ಲಿ ನೋಡಿದಂಥ ನೀಲಿ ನೀರು ಬೇಕೆಂದರೆ ಬೆಟ್ಟ ಹತ್ತಿ ಇಳಿದು ಉತ್ತರ ಕರಾವಳಿಗೆ ಹೋಗಬೇಕು.

ಆದರೂ ನಾವು ಟ್ರಿನಿಡಾಡನ್ನೇ ಆರಿಸಿದೆವು. ನ್ಯೂಯಾರ್ಕ್‌ನಿಂದ ಐದು ಗಂಟೆ ಚಿಲ್ಲರೆ ವಿಮಾನ ಪ್ರಯಾಣ. ಸಸ್ಯಾಹಾರಿಯಾದ ನನ್ನ ಹೆಂಡತಿಗೆ ಮೂರು ಹೊತ್ತೂ ಫ್ರೆಂಚ್ ಫ್ರೈಸ್ ತಿನ್ನದೇ ಬದುಕಬಹುದಾದ ದ್ವೀಪ ಬೇಕಿತ್ತು. ನನಗೆ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ ನೋಡಬೇಕಿತ್ತು. ಎರಡೂ ಒಂದೇ ಊರಲ್ಲಿ ಸಿಕ್ಕರೆ ಇನ್ನೇನು ಬೇಕು?

ಇಲ್ಲಿ ಬೆಳಗ್ಗೆಯ ತಿಂಡಿ ಎಂದರೆ ಡಬಲ್ಸ್. ಹೋಟೆಲ್ ಒಳಗೆ ಕೂತು ತಿನ್ನುವಂಥದ್ದಲ್ಲ, ರಸ್ತೆ ಬದಿಯಲ್ಲಿ ನಿಂತು ತಿನ್ನಬೇಕು. ಮೈದಾ ಹಿಟ್ಟಿಗೆ ಅರಿಸಿನ, ಯೀಸ್ಟ್ ಹಾಕಿ ಕಲಸಿ, ಕೈಯಲ್ಲೇ ತಟ್ಟಿ ಎಣ್ಣೆಯಲ್ಲಿ ಕರಿದ ಮೆತ್ತನೆಯ ರೊಟ್ಟಿಗೆ ‘ಬಾರಾ’ ಎನ್ನುತ್ತಾರೆ. ಗಾಡಿಯವನು ಎಡಗೈಯ ಕಾಗದದ ಮೇಲೆ ಎರಡು ಬಾರಾ ಒಂದರ ಮೇಲೊಂದು ಸರಿಸಿ ಹಾಸಿದ. ಬಲಗೈಯಲ್ಲಿ ಒಂದು ಸೌಟು ಕಡಲೆಕಾಳಿನ ಗೊಜ್ಜು ಹಾಕಿದ. ಅದರ ಮೇಲೆ ಸೌತೆಕಾಯಿ ತುರಿ, ಹುಣಸೆ ಚಟ್ನಿ, ಶಾಡೋ ಬೆನಿ ಎಂಬ ಸೊಪ್ಪಿನ ಹಸಿರು ಚಟ್ನಿ. ಕೊತ್ತಂಬರಿಯ ವಾಸನೆಯೇ, ಆದರೆ ಎಲೆ ಉದ್ದ, ಅಂಚು ಗರಗಸ. ಕೊನೆಗೆ ತಲೆ ಎತ್ತಿ, “ಪೆಪ್ಪರ್?” ಎಂದ.

ಇಲ್ಲಿ ಎಚ್ಚರ ಬೇಕು. 2012ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಹೆಸರು ಮಾಡಿದ ಮೊರುಗಾ ಸ್ಕಾರ್ಪಿಯನ್ ಇದೇ ದ್ವೀಪದ್ದು. ಸಾಲಿನಲ್ಲಿ ಮುಂದೆ ನಿಂತಿದ್ದ ಪೊಲೀಸಪ್ಪ “ಸ್ಲೈಟ್” ಅಂದದ್ದನ್ನು ಕೇಳಿಸಿಕೊಂಡು ನಾವೂ “ಸ್ಲೈಟ್” ಅಂದೆವು. ಅಷ್ಟಕ್ಕೇ ಮೂಗು ಸೋರಿತು. ಕಾಗದದ ತುದಿ ತಿರುಚಿ ಕೈಗಿಡುತ್ತಾರೆ. ಬಿಚ್ಚಿ, ಬಾರಾ ಹರಿದು, ಕಾಳನ್ನು ಬಾಚಿ ಬಾಯಿಗೆ ಹಾಕಿಕೊಳ್ಳುವುದು. ಸ್ಪೂನ್ ಕೇಳಬೇಡಿ, ನಗುತ್ತಾರೆ.

1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬಲ್ಲಿ ಮುಸ್ಲಿಂ ಕುಟುಂಬವೊಂದು ಶುರು ಮಾಡಿದ ತಿಂಡಿ ಇದು ಎನ್ನುತ್ತಾರೆ. ಮೊದಲು ಒಂದೇ ಬಾರಾದಲ್ಲಿ ಕಾಳು ಸುತ್ತಿ ಮಾರುತ್ತಿದ್ದರಂತೆ. ಗಿರಾಕಿಗಳು ಎರಡು ಕೊಡಿ, ಡಬಲ್ ಮಾಡಿ ಅನ್ನತೊಡಗಿದರು, ಅದೇ ಹೆಸರಾಯಿತು. ಈಗ ಆಫೀಸಿಗೆ ಹೊರಟ ಆಫ್ರಿಕನ್ ಮೂಲದ ಹೆಂಗಸರು, ಯೂನಿಫಾರ್ಮ್ ಮಕ್ಕಳು, ಕಟ್ಟಡ ಕೆಲಸದವರು ಎಲ್ಲರೂ ಅದೇ ಸಾಲಿನಲ್ಲಿ. ಯೂಟ್ಯೂಬ್‌ನಲ್ಲಿ ಟ್ರಿನಿಡಾಡನ್ನು ‘ಮಿನಿ ಇಂಡಿಯಾ’ ಎಂದು ಕರೆಯುವವರ ಮೇಲೆ ನನಗೆ ತಕರಾರಿದೆ. 2011ರ ಜನಗಣತಿ ಪ್ರಕಾರ ಇಲ್ಲಿ ಭಾರತೀಯ ಮೂಲದವರು ನೂರಕ್ಕೆ 35, ಆಫ್ರಿಕನ್ ಮೂಲದವರು 34. ಉಳಿದವರಲ್ಲಿ ಮಿಶ್ರ ಮೂಲದವರೇ ಜಾಸ್ತಿ. ಭಾರತದಲ್ಲಿ ಎಲ್ಲೂ ಇಲ್ಲದ ತಿಂಡಿಯನ್ನು ಇವರು ಕಟ್ಟಿಕೊಂಡಿದ್ದಾರೆ. ಅದನ್ನು ‘ನಮ್ಮದು’ ಅಂತ ಎಳೆದುಕೊಳ್ಳುವುದು ಸರಿ ಅಲ್ಲ, ಅಲ್ವಾ?

ಓವಲ್‌ನಲ್ಲಿ ಮಾತ್ರ ನಾನು ನಾಚಿಕೆ ಬಿಟ್ಟು ‘ನಮ್ಮದು’ ಅಂದುಬಿಟ್ಟೆ. ಕಾರಣ ಇದೆ. ವೆಸ್ಟ್ ಇಂಡೀಸ್ ವಿರುದ್ಧ ಭಾರತ ಮೊದಲ ಟೆಸ್ಟ್ ಗೆದ್ದದ್ದು 1971ರಲ್ಲಿ, ಇದೇ ಮೈದಾನದಲ್ಲಿ. 1976ರ ಏಪ್ರಿಲ್‌ನಲ್ಲಿ ಗಯಾನಾದಲ್ಲಿ ನಡೆಯಬೇಕಿದ್ದ ಟೆಸ್ಟ್ ಮಳೆಯ ಕಾಟಕ್ಕೆ ಇಲ್ಲಿಗೆ ಬಂತು. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್ ಆರು ವಿಕೆಟ್ ತೆಗೆದರು. ಕೊನೆಗೆ ಗೆಲ್ಲಲು 403 ರನ್ ಬೇಕಿತ್ತು. ಗಾವಸ್ಕರ್ 102, ಜಿ.ಆರ್. ವಿಶ್ವನಾಥ್ 112, ಮೊಹಿಂದರ್ ಅಮರನಾಥ್ 85, ಬ್ರಿಜೇಶ್ ಪಟೇಲ್ ಔಟಾಗದೆ 49. ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದರು. ಅಲ್ಲಿಯವರೆಗೆ ನಾನೂರು ದಾಟಿ ಬೆನ್ನಟ್ಟಿ ಗೆದ್ದದ್ದು ಬ್ರಾಡ್ಮನ್ನರ ಆಸ್ಟ್ರೇಲಿಯಾ ಮಾತ್ರ, 1948ರಲ್ಲಿ. 1976ರ ಆ ಪಂದ್ಯದಲ್ಲಿ ಮೂವರು ಸ್ಪಿನ್ನರ್‌ಗಳನ್ನು ನಂಬಿ ಸೋತ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಆಮೇಲೆ ವೇಗದ ಬೌಲರ್‌ಗಳ ಕಡೆ ತಿರುಗಿದರು. ಮುಂದಿನ ಹದಿನೈದು ವರ್ಷ ಇಡೀ ಜಗತ್ತು ಅದರ ಏಟು ತಿಂದಿತು.

ನಾವು ಹೋದ ದಿನ ಪಂದ್ಯ ಇರಲಿಲ್ಲ. ಆಚೆ ಉತ್ತರದ ಬೆಟ್ಟಸಾಲು, ಈಚೆ ಖಾಲಿ ಹುಲ್ಲು. ವಿಶಿ ಯಾವ ತುದಿಯಿಂದ ಸ್ಕ್ವೇರ್ ಕಟ್ ಹೊಡೆದಿರಬಹುದು ಅಂತ ನಾನು ಅಳೆಯುತ್ತಿದ್ದೆ. ಹೆಂಡತಿ ನೆರಳಲ್ಲಿ ಕೂತು ಫೋನ್ ನೋಡುತ್ತಿದ್ದಳು.

ಓವಲ್ ಎದುರಿಗೇ ಇನ್ವೇಡರ್ಸ್ ಎಂಬ ಸ್ಟೀಲ್‌ಪ್ಯಾನ್ ತಂಡದ ಅಂಗಳವಿದೆ. ಎಣ್ಣೆ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗು ಮಾಡಿ, ಅದರಲ್ಲಿ ಒಂದೊಂದು ಉಬ್ಬಿಗೆ ಒಂದೊಂದು ಸ್ವರ ಕೂರಿಸುತ್ತಾರೆ. 1930–40ರ ದಶಕಗಳಲ್ಲಿ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಬಡ ಕೇರಿಗಳ ಹುಡುಗರು ಕಂಡುಹಿಡಿದ ವಾದ್ಯ. ಬ್ರಿಟಿಷರು ಚರ್ಮದ ಡೋಲುಗಳ ಮೇಲೆ ನಿಷೇಧ ಹೇರಿದ್ದರು. ಜನ ಬಿದಿರು ಕುಟ್ಟಿದರು, ಆಮೇಲೆ ಬಿಸ್ಕತ್ತಿನ ಡಬ್ಬ, ಆಮೇಲೆ ಡ್ರಮ್ಮು. ಈಗ ಅದೇ ದೇಶದ ರಾಷ್ಟ್ರವಾದ್ಯ. ಸಂಜೆ ಅಭ್ಯಾಸ ನಡೆದಿತ್ತು. ಒಂದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ಯಾರೂ ಟಿಕೆಟ್ ಕೇಳಲಿಲ್ಲ, ಯಾಕೆ ಬಂದಿರಿ ಅಂತಲೂ ಕೇಳಲಿಲ್ಲ. ಸುಮ್ನೆ ಕುರ್ಚಿ ತೋರಿಸಿದರು.

ಇನ್ನು ಬೀಚ್. ಮರಾಕಸ್‌ಗೆ ಹೋಗುವ ಉತ್ತರ ಕರಾವಳಿ ರಸ್ತೆಯನ್ನು ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕನ್ ಸೈನ್ಯ ಕಟ್ಟಿಕೊಟ್ಟಿತು. ಚಾಗ್ವರಾಮಸ್‌ನ ಕಡಲತೀರವನ್ನು ತಮ್ಮ ನೌಕಾನೆಲೆಗೆ ತೆಗೆದುಕೊಂಡದ್ದಕ್ಕೆ ಬದಲಾಗಿ. ಕಾಡು, ತಿರುವು, ಮತ್ತೆ ತಿರುವು, ಕೆಳಗೆ ಸಮುದ್ರ. ಮೇಲಿನ ನೋಟದ ಜಾಗದಲ್ಲಿ ‘ಚೌ’ ಮಾರುತ್ತಾರೆ: ಅನಾನಸ್ ಅಥವಾ ಮಾವಿನಕಾಯಿ ಹೋಳಿಗೆ ಉಪ್ಪು, ಬೆಳ್ಳುಳ್ಳಿ, ಅದೇ ಶಾಡೋ ಬೆನಿ, ಅದೇ ಮೆಣಸು. ಒಂದು ಪ್ಯಾಕೆಟ್ ಸಾಕಾಗಲಿಲ್ಲ.

ಮರಾಕಸ್‌ನಲ್ಲಿ ಅಲೆ ಜೋರು, ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬಾರದು. ಇಲ್ಲಿಯ ಹೆಸರುವಾಸಿ ಊಟ ‘ಬೇಕ್ ಆ್ಯಂಡ್ ಶಾರ್ಕ್’. ಹೆಸರು ಬೇಕ್ ಆದರೂ ಅದು ಎಣ್ಣೆಯಲ್ಲಿ ಕರಿದ ಉಬ್ಬಿದ ರೊಟ್ಟಿ. ಒಳಗೆ ಕರಿದ ಶಾರ್ಕ್ ತುಂಡು. ಕೊಂಡ ಮೇಲೆ ಪಕ್ಕದ ಮೇಜಿನಲ್ಲಿ ಸಾಲಾಗಿಟ್ಟ ಚಟ್ನಿ, ಸಲಾಡ್‌ಗಳಿಂದ ನಾವೇ ತುಂಬಿಕೊಳ್ಳಬೇಕು. ಶಾರ್ಕ್ ಸಂತತಿ ಕಡಿಮೆಯಾಗುತ್ತಿದೆ ಎಂದು ಈಗ ಬೇರೆ ಮೀನು ಕೇಳುವವರೂ ಇದ್ದಾರೆ. ನಾನೂ ಅಂಜಲ್ ಜಾತಿಯ ಕಿಂಗ್‌ಫಿಶ್ ಹಾಕಿಸಿಕೊಂಡೆ. ಹೆಂಡತಿ ರೊಟ್ಟಿಯೊಳಗೆ ಬರೀ ಅನಾನಸ್, ಕೋಸು, ಹುಣಸೆ ಚಟ್ನಿ ತುಂಬಿಸಿಕೊಂಡು ನನಗಿಂತ ಖುಷಿಯಾಗಿ ತಿಂದಳು. ಅಲ್ಲಿಂದ ಸ್ವಲ್ಪ ಮುಂದಿರುವ ಲಾಸ್ ಕ್ವೇವಾಸ್ ಇನ್ನೂ ಶಾಂತ, ಇನ್ನೂ ಚೆಂದ. ಆದರೆ ಸಂಜೆಗೆ ಮರಳಿನ ನೊಣ ಕಾಲನ್ನು ಬಿಡುವುದಿಲ್ಲ, ಬೇಗ ಎದ್ದುಬಿಡಿ.

ಮಧ್ಯ ಟ್ರಿನಿಡಾಡ್‌ಗೆ ಇಳಿದರೆ ಬೆಟ್ಟ ಮಾಯ, ಬಯಲು ಶುರು. ಒಂದು ಕಾಲಕ್ಕೆ ಕಣ್ಣು ಹಾಯಿಸಿದಷ್ಟೂ ಕಬ್ಬು. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಕೂಲಿಗಳನ್ನು ತಂದು ಇಳಿಸಿತು. ಗುಲಾಮಗಿರಿ ನಿಂತ ಮೇಲೆ ತೋಟಕ್ಕೆ ಆಳು ಬೇಕಿತ್ತು. 1917ರವರೆಗೆ ಸುಮಾರು ಒಂದೂವರೆ ಲಕ್ಷ ಜನ ಹಾಗೆ ಕರಾರಿನ ಮೇಲೆ ಬಂದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು, ಕೆಲವರು ಮದ್ರಾಸಿನಿಂದ ಹಡಗು ಹತ್ತಿದವರು.

ಅವರಲ್ಲೊಬ್ಬರ ಕಥೆ ವಾಟರ್ಲೂ ಎಂಬ ಹಳ್ಳಿಯ ಕಡಲಲ್ಲಿ ನಿಂತಿದೆ. ಸೇವದಾಸ್ ಸಾಧು ಕಬ್ಬಿನ ಗದ್ದೆಯ ಕೆಲಸಗಾರ. 1940ರ ದಶಕದ ಕೊನೆಯಲ್ಲಿ ಕಡಲ ದಡದಲ್ಲೊಂದು ದೇವಸ್ಥಾನ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದು. ಕೋರ್ಟು ದಂಡ ಹಾಕಿತು, 14 ದಿನ ಜೈಲಿಗೆ ಕಳಿಸಿತು, ದೇವಸ್ಥಾನವನ್ನು ಕೆಡವಿಸಿತು. ಹೊರಗೆ ಬಂದ ಸಾಧು, ನೆಲ ನಿಮ್ಮದಾದರೆ ಸಮುದ್ರ ಯಾರಪ್ಪಂದೂ ಅಲ್ಲವಲ್ಲ ಎಂದು ನೀರಿಗೇ ಇಳಿದರು. ನೀರು ಇಳಿತವಿದ್ದಾಗ ಸೈಕಲ್‌ನಲ್ಲಿ ಕಲ್ಲು, ಸಿಮೆಂಟು ಹೊತ್ತು ತಂದು, ಎಣ್ಣೆ ಡ್ರಮ್ಮುಗಳಿಗೆ ಕಾಂಕ್ರೀಟ್ ತುಂಬಿಸಿ ಇಳಿಸುತ್ತ ಹೋದರು. ವರ್ಷಗಟ್ಟಲೆ, ಒಬ್ಬರೇ! ಅವರು ತೀರಿಕೊಂಡ ಮೇಲೆ ಅಲೆಗಳು ಅದನ್ನು ತಿಂದು ಹಾಕಿದವು. ಭಾರತೀಯರು ಬಂದು 150 ವರ್ಷವಾದಾಗ, 1995ರ ಹೊತ್ತಿಗೆ, ಸರ್ಕಾರದ ನೆರವಿನಲ್ಲಿ ಮತ್ತೆ ಕಟ್ಟಿದರು.

ಈಗ ಕಡಲೊಳಗೆ ಹೋಗುವ ಕಾಲುದಾರಿ, ಎರಡೂ ಬದಿ ಬಿದಿರು ಗಳುಗಳಿಗೆ ಕಟ್ಟಿದ ಬಣ್ಣಬಣ್ಣದ ಬಾವುಟ. ತುದಿಯಲ್ಲಿ ಎಂಟು ಮೂಲೆಯ ಬಿಳಿ ಗುಡಿ. ಬಾವುಟವನ್ನು ಜಂಡಿ ಎನ್ನುತ್ತಾರೆ. ಪೂಜೆ ಮಾಡಿಸಿದ ಮನೆಗಳ ಮುಂದೆಲ್ಲ ಇರುತ್ತದೆ. ಹನುಮಂತನಿಗೆ ಕೆಂಪು. ಪಕ್ಕದಲ್ಲೇ ಸ್ಮಶಾನ, ನಾವು ಹೋದಾಗ ಒಂದು ಚಿತೆ ಇನ್ನೂ ಹೊಗೆಯಾಡುತ್ತಿತ್ತು. ನೀರು ಇಳಿದಿತ್ತು, ಕೆಸರಿನ ಮೇಲೆ ಹಕ್ಕಿಗಳು. ಸುಂದರ ಎನ್ನುವ ಜಾಗವಲ್ಲ. ಆದರೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲೇ.

ಅಲ್ಲಿಂದ ಸ್ವಲ್ಪ ದೂರದ ಕಾರಾಪಿಚೈಮಾದಲ್ಲಿ 85 ಅಡಿಯ ಹನುಮಂತ. ದಾರಿಯಲ್ಲಿ ಬರುವಾಗಲೇ ಮರಗಳ ಮೇಲಿಂದ ತಲೆ ಕಾಣುತ್ತದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತ ಕ್ಷೇತ್ರ ಇದು, ದಕ್ಷಿಣದ ಶೈಲಿಯ ಗುಡಿ. ಊಟಿ ರಸ್ತೆಯ ಆಶ್ರಮದ ಕೊಂಬೆಯೊಂದು ಅಟ್ಲಾಂಟಿಕ್ ದಾಟಿ ಇಲ್ಲಿ ಚಿಗುರಿದೆ. ಮೂರ್ತಿ ನಿಂತದ್ದು 2003ರಲ್ಲಿ. ಅದೇ ವರ್ಷ ಸರ್ಕಾರಿ ಸಕ್ಕರೆ ಕಂಪನಿ ಬಾಗಿಲು ಹಾಕಿತು. ಕಬ್ಬಿಗೋಸ್ಕರ ಬಂದ ಜನ ಉಳಿದರು, ಕಬ್ಬು ಹೋಯಿತು.

ಕರೋನಿ ಜೌಗಿನ ದೋಣಿ ಪ್ರಯಾಣ ತಪ್ಪಿಸಬೇಡಿ. ಸಂಜೆ ನಾಲ್ಕರ ಸುಮಾರಿಗೆ ಹೊರಡುತ್ತದೆ. ಕಾಂಡ್ಲಾ ಕಾಡಿನ ಸಂದಿಯಲ್ಲಿ ಸುತ್ತಿ ಮಲಗಿದ ಹಾವು, ಬೇರು ಹತ್ತುವ ಏಡಿ ನೋಡುತ್ತ ಸಾಗಿ, ಒಂದು ತೆರೆದ ನೀರಿಗೆ ಬಂದು ಎಂಜಿನ್ ನಿಲ್ಲಿಸುತ್ತಾರೆ. ಸೂರ್ಯ ಇಳಿಯುವ ಹೊತ್ತಿಗೆ ಕೆಂಪು ಐಬಿಸ್‌ಗಳು ಹಿಂಡು ಹಿಂಡಾಗಿ ಬಂದು ಒಂದೇ ನಡುಗಡ್ಡೆಯ ಮರಗಳ ಮೇಲೆ ಕೂರುತ್ತವೆ. ಮರಿಯಿದ್ದಾಗ ಬೂದು ಬಣ್ಣ, ಏಡಿ-ಸಿಗಡಿ ತಿಂದು ತಿಂದು ಕೆಂಪಾಗುವುದಂತೆ. ಇದು ರಾಷ್ಟ್ರಪಕ್ಷಿ. ಹಾಗಿದ್ದೂ ಕದ್ದು ಬೇಟೆಯಾಡುವವರಿದ್ದರು, 2018ರಲ್ಲಿ ಕಾನೂನು ಬಿಗಿ ಮಾಡಿ ಒಂದು ಲಕ್ಷ ಟ್ರಿನಿಡಾಡ್ ಡಾಲರ್ ದಂಡ ಇಟ್ಟರು. ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷ ರೂಪಾಯಿ ದಾಟುತ್ತದೆ.

ದಕ್ಷಿಣದ ಲಾ ಬ್ರೇಯಲ್ಲಿ ಟಾರಿನ ಕೆರೆ ಇದೆ, ನೂರು ಎಕರೆಯಷ್ಟು. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರ‍್ಯಾಲಿ ತನ್ನ ಹಡಗಿನ ಬಿರುಕು ಮುಚ್ಚಿಕೊಂಡದ್ದು ಇದೇ ಟಾರಿನಿಂದ. ದೂರದಿಂದ ಹಳೇ ಪಾರ್ಕಿಂಗ್ ಜಾಗದ ಹಾಗೆ ಕಾಣುತ್ತದೆ, ನಿಜ ಹೇಳಬೇಕೆಂದರೆ ಹತ್ತಿರದಿಂದಲೂ. ಗೈಡ್ ಇಲ್ಲದೆ ಕಾಲಿಡಬೇಡಿ, ಕೆಲವು ಕಡೆ ನೆಲ ಮೆತ್ತಗಿದೆ.

ವಾಪಸ್ ಬರುವಾಗ ಡೆಬೆ ಊರಿನಲ್ಲಿ ಕಾರು ನಿಲ್ಲಿಸಿದೆವು. ರಸ್ತೆ ಬದಿ ಸಾಲು ಅಂಗಡಿ: ಫುಲೌರಿ, ಕಚೋರಿ, ಬರ್ಫಿ, ಸಹೀನಾ. ಸಹೀನಾ ಅಂದರೆ ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುರುಳಿ ಸುತ್ತಿ, ಕತ್ತರಿಸಿ ಕರಿದದ್ದು. ಹೆಂಡತಿ ಪುತ್ತೂರಿನವಳು. ನೋಡಿದ ಕೂಡಲೇ “ಪತ್ರೊಡೆ!” ಅಂತ ಕೂಗಿದಳು. ಅಂಗಡಿಯ ಹಿರಿಯ ಹೆಂಗಸು ನಕ್ಕು, ಯಾವ ಊರು ಎಂದು ಕೇಳಿದರು. ಕರ್ನಾಟಕ ಎಂದರೆ ತಿಳಿಯಲಿಲ್ಲ. ಬೆಂಗಳೂರು ಎಂದರೆ, ಕಂಪ್ಯೂಟರ್ ಊರು ತಾನೆ, ಅಂದರು. ಮೈಸೂರು ಎಂದಾಗ ಮುಖ ಅರಳಿತು. “ಓ, ಹನುಮಾನ್ ಸ್ವಾಮೀಜಿ ಊರು!” ಎಂದು ಇನ್ನೊಂದು ಸಹೀನಾ ಪೊಟ್ಟಣಕ್ಕೆ ಹಾಕಿ, ಅದಕ್ಕೆ ದುಡ್ಡು ಬೇಡ ಅಂದರು.

ಕಾರಿನಲ್ಲಿ ಕೂತು ಬಿಚ್ಚಿದೆವು. ಬಿಸಿ ಇತ್ತು, ಗರಿಗರಿ ಇತ್ತು. ನಾನು ಎರಡು ತಿಂದೆ. ಹೆಂಡತಿ ಒಂದನ್ನು ಪೂರ್ತಿ ಮುಗಿಸಿ, ಬೆರಳು ಒರೆಸಿಕೊಂಡು, “ಚೆನ್ನಾಗಿದೆ. ಆದ್ರೆ ಬೆಲ್ಲ ಹಾಕಿಲ್ಲ” ಅಂದಳು. ಆಮೇಲೆ ನನ್ನ ಪಾಲಿನದನ್ನೂ ಎತ್ತಿಕೊಂಡಳು.