ಕಲ್ಲಿನ ಮೇಲೆ ಕೂತ ಏಳು ವರ್ಷದ ರಾಜ

1249ರ ಜುಲೈ 13, ಸ್ಕಾಟ್ಲೆಂಡಿನ ಸ್ಕೋನ್ ಅನ್ನೋ ಊರು. ರಾಜ ಎರಡನೇ ಅಲೆಕ್ಸಾಂಡರ್ ಸತ್ತು ಇನ್ನೂ ಒಂದು ವಾರ ಆಗಿಲ್ಲ, ಮಗ ಮೂರನೇ ಅಲೆಕ್ಸಾಂಡರ್‌ಗೆ ಎಂಟು ತುಂಬಿಲ್ಲ, ಅಲ್ಲಿ ಸೇರಿರೋ ದೊಡ್ಡಮನುಷ್ಯರೆಲ್ಲಾ ಜಗಳಕ್ಕೆ ನಿಂತಿದಾರೆ. ಮೊದಲು ಹುಡುಗನಿಗೆ ನೈಟ್ ಪದವಿ ಕೊಡ್ಬೇಕು, ಆಮೇಲೇ ಪಟ್ಟ ಅಂತ ಅಲನ್ ಡರ್ವರ್ಡ್ ಕಡೆಯವರು, ಅದೆಲ್ಲಾ ಬೇಕಾಗಿಲ್ಲ ಈಗ್ಲೇ ಕೂರಿಸಿ ಅಂತ ವಾಲ್ಟರ್ ಕಾಮಿನ್. ಶಾಸ್ತ್ರದ ಹೆಸರಲ್ಲಿ ಜಗಳ ಅಷ್ಟೇ, ಒಳಗಿದ್ದಿದ್ದು ಈ ಹುಡುಗ ಯಾರ ಕೈಲಿರ್ತಾನೆ ಅನ್ನೋ ಲೆಕ್ಕಾಚಾರ.

ಕಾಮಿನ್ ಮಾತೇ ನಡೀತು. ಹುಡುಗನ್ನ ಹೊರಗೆ ಬಯಲಲ್ಲಿ, ರೇಷ್ಮೆ ಬಟ್ಟೆ ಹಾಸಿದ್ದ ಕಲ್ಲಿನ ಪೀಠದ ಮೇಲೆ ಕೂರಿಸಿದ್ರು. ಆಮೇಲೆ ಬೆಟ್ಟದ ಸೀಮೆಯ ಒಬ್ಬ ಮುದುಕ ಬಂದು ಮೊಣಕಾಲೂರಿ ಗೇಲಿಕ್ ಭಾಷೇಲಿ ಆ ಹುಡುಗನ ತಂದೆ, ಅಜ್ಜ, ಮುತ್ತಜ್ಜ ಅಂತ ಶುರು ಮಾಡಿ ಈಜಿಪ್ಟಿನ ಫೇರೋ ಮಗಳು ಸ್ಕೋಟಾವರೆಗೂ ವಂಶಾವಳಿ ಒಪ್ಪಿಸಿದ (ನಮ್ಮ ಹೆಳವರು ನೆನಪಾದ್ರು ನಂಗೆ). ಇದರಲ್ಲಿ ಕಿರೀಟ ಮುಖ್ಯ ಅಲ್ವೇ ಅಲ್ಲ. ಬಿಷಪ್ ಕೈಲಿ ತಲೆಗೆ ಪವಿತ್ರ ತೈಲ ಹಚ್ಚಿಸ್ಕೊಳ್ಳೋ ಹಕ್ಕು ಇಂಗ್ಲೆಂಡಿನ ರಾಜನಿಗಿತ್ತು, ಸ್ಕಾಟರ ರಾಜನಿಗೆ ಪೋಪ್ ಅದನ್ನ ಕೊಟ್ಟಿದ್ದೇ 1329ರಲ್ಲಿ, ಅದೂ ಆಗ ಅಲ್ಲಿ ರಾಜನಾಗಿದ್ದ ರಾಬರ್ಟ್ ಬ್ರೂಸ್ ಸತ್ತು ಕೆಲವೇ ದಿನಕ್ಕೆ, ಪಾಪ.

ಹಾಗಾದ್ರೆ ಅಲ್ಲಿವರೆಗೆ ರಾಜನ್ನ ರಾಜ ಮಾಡ್ತಿದ್ದಿದ್ದು ಏನು? ಆ ಜಾಗ, ಆ ಕಲ್ಲು, ಜತೆಗೆ ಅವನನ್ನ ಅದರ ಮೇಲೆ ಕೂರಿಸೋ ಹಕ್ಕಿದ್ದ ಫೈಫ್ ಮನೆತನ. 1296ರಲ್ಲಿ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ಸುಮ್ನೆ ಆ ಕಲ್ಲನ್ನ ಎತ್ತಾಕೊಂಡು ಹೋಗ್ಲಿಲ್ಲ, ಅದು ಹೋದ್ರೆ ರಾಜನೇ ಹುಟ್ಟಲ್ಲ ಅಂತ ಅವನ ಎಣಿಕೆ. ಆದ್ರೆ 1306ರ ಮಾರ್ಚಲ್ಲಿ ಬ್ರೂಸ್ ಕಲ್ಲಿಲ್ದೇನೇ ಸ್ಕೋನ್‌ನಲ್ಲಿ ಪಟ್ಟ ಕಟ್ಕೊಂಡ. ಫೈಫಿನ ಅರ್ಲ್ (ಅಂದ್ರೆ ಆ ಸೀಮೆಯ ಒಡೆಯ) ಇನ್ನೂ ಹುಡುಗ, ಎಡ್ವರ್ಡ್ ಕೈಲಿದ್ದ, ಅದಕ್ಕೆ ಅದೇ ಮನೆತನದ ಇಸಬೆಲ್ಲಾ ಓಡಿ ಬಂದ್ಲು. ಅವಳ ಗಂಡ ಬಕನ್‌ನ ಅರ್ಲ್, ಕಾಮಿನ್ ವಂಶದೋನು, ಬ್ರೂಸ್ ಕಾಮಿನ್ನರ ಮುಖಂಡನ್ನ ಚರ್ಚಲ್ಲೇ ಕೊಂದು ಇನ್ನೂ ಎರಡು ತಿಂಗಳೂ ಆಗಿರ್ಲಿಲ್ಲ, ಅಂಥಾ ಹೊತ್ತಲ್ಲಿ ಇವಳು ಗಂಡನ ಕಡೆ ಬಿಟ್ಟು ಬಂದಿದ್ದು. ತಲುಪೋದು ಸ್ವಲ್ಪ ತಡ ಆಯ್ತು ಅಂತ ಶಾಸ್ತ್ರ ಇನ್ನೊಂದ್ಸಲ ಮಾಡಿದ್ರು! ಆಮೇಲೆ ಸಿಕ್ಕಿಬಿದ್ದಾಗ ಎಡ್ವರ್ಡ್ ಅವಳನ್ನ ಬೆರಿಕ್ ಕೋಟೇಲಿ ಪಂಜರದೊಳಗೆ ವರ್ಷಗಟ್ಟಲೆ ಇಟ್ಟ. ಒಂದು ಶಾಸ್ತ್ರ ಮಾಡಿದ್ದಕ್ಕೆ ಅಷ್ಟು ಸಿಟ್ಟು ಬಂತು ಅಂದ್ರೆ ಅದರ ಬೆಲೆ ಎಷ್ಟಿತ್ತು ನೋಡಿ.

ನಂಗೆ ಇದಕ್ಕಿಂತ ಇಂಟರೆಸ್ಟಿಂಗ್ ಅನ್ಸೋದು ರಾಜ ಇಲ್ದಾಗ ಏನ್ ಮಾಡ್ತಿದ್ರು ಅನ್ನೋದು. ಅದೇ ಏಳು ವರ್ಷದ ಹುಡುಗ ಬೆಳೆದು ದೊಡ್ಡವನಾಗಿ, ಗಟ್ಟಿಯಾಗಿ ಆಳಿ, 1286ರಲ್ಲಿ ಕಿಂಗ್‌ಹಾರ್ನ್ ಹತ್ರ ಗಾಳಿಮಳೆ ರಾತ್ರೀಲಿ ಕುದುರೆ ಮೇಲೆ ಹೋಗ್ತಾ ಸತ್ತ. ಮಕ್ಕಳೆಲ್ಲಾ ಮುಂಚೇನೇ ಹೋಗಿದ್ರು, ಉಳಿದಿದ್ದು ನಾರ್ವೇಲಿದ್ದ ಪುಟ್ಟ ಮೊಮ್ಮಗಳು. ಆಗ ಇಬ್ಬರು ಬಿಷಪ್, ಇಬ್ಬರು ಅರ್ಲ್, ಇಬ್ಬರು ಬ್ಯಾರನ್ ಅಂತ ರಾಜನ ಬದಲು ರಾಜ್ಯ ನೋಡ್ಕೊಳ್ಳೋಕೆ ಆರು ಜನ ಗಾರ್ಡಿಯನ್‌ಗಳನ್ನ ಆರಿಸಿದ್ರು. ಇವರು ಹೊಸ ಮುದ್ರೆ ಮಾಡಿಸಿದ್ರು, ಅದರಲ್ಲಿ ಯಾವ ರಾಜನ ಹೆಸರೂ ಇಲ್ಲ, ಒಂದು ಕಡೆ ರಾಜಲಾಂಛನ ಇನ್ನೊಂದು ಕಡೆ ಸಂತ ಆಂಡ್ರೂ. ಶೆರೀಫರು, ನ್ಯಾಯ ನೋಡೋ ಜಸ್ಟಿಶಿಯರ್‌ಗಳು, ಲೆಕ್ಕ ನೋಡೋ ಚೇಂಬರ್ಲೇನ್ ಎಲ್ಲಾ ತಮ್ಮ ಪಾಡಿಗೆ ಕೆಲಸ ಮುಂದುವರಿಸಿದ್ರು.

1320ರಲ್ಲಿ ಸ್ಕಾಟ್ಲೆಂಡಿನ ದೊಡ್ಡಮನುಷ್ಯರು ಪೋಪ್‌ಗೆ ಬರೆದ ಆರ್ಬ್ರೋತ್ ಪತ್ರದಲ್ಲಿ, ರಾಬರ್ಟ್ ಬ್ರೂಸ್ ನಮ್ಮನ್ನ ಇಂಗ್ಲಿಷರಿಗೆ ಒಪ್ಪಿಸಿದ್ರೆ ಅವನನ್ನೂ ಓಡಿಸಿ ಬೇರೆ ರಾಜನ್ನ ಮಾಡ್ಕೋತೀವಿ ಅಂತ ಇದ್ಯಲ್ಲ, ಅದನ್ನ ಪ್ರಜಾಪ್ರಭುತ್ವ ಅಂತ ಹೊಗಳೋರು ಬಹಳ. ನಂಗೇನೋ ಅದು ಬ್ರೂಸ್ ಕಡೆಯವರೇ ಜಾಣತನದಿಂದ ಬರೆಸಿದ ಮಾತು ಅನ್ಸುತ್ತೆ, ಹಳೇ ರಾಜ ಜಾನ್ ಬೇಲಿಯಲ್‌ನ ಪಕ್ಕಕ್ಕೆ ತಳ್ಳಿದ್ದು ಸರಿ ಅಂತ ತೋರಿಸ್ಬೇಕಿತ್ತಲ್ಲ.

ಮುಂದೆ ಎರಡನೇ ಡೇವಿಡ್ 1346ರಲ್ಲಿ ಯುದ್ಧದಲ್ಲಿ ಸೆರೆ ಸಿಕ್ಕಿ 11 ವರ್ಷ ಇಂಗ್ಲೆಂಡಲ್ಲಿದ್ದ, ಮೊದಲನೇ ಜೇಮ್ಸ್ ಅಂತೂ 1406ರಿಂದ 1424ರವರೆಗೆ 18 ವರ್ಷ, ರಾಜ್ಯ ಅವನ ಚಿಕ್ಕಪ್ಪ ಆಲ್ಬನಿ ಡ್ಯೂಕ್, ಅವನಾದ್ಮೇಲೆ ಅವನ ಮಗ ಮರ್ಡಾಕ್ ನಡೆಸಿದ್ರು. ಜೇಮ್ಸ್ ವಾಪಸ್ ಬಂದ ಮರುವರ್ಷಾನೇ ಮರ್ಡಾಕ್ ತಲೆ ತೆಗೆಸಿದ. ತೆರಿಗೆ ಹಾಕಿದ, ಜಮೀನು ಕಿತ್ಕೊಂಡ, ವೈರಿಗಳು ಹೆಚ್ಚಿದ್ರು. 1437ರ ಫೆಬ್ರವರೀಲಿ ಪರ್ತ್‌ನಲ್ಲಿ ಕೊಲೆಗಾರರು ನುಗ್ಗಿದಾಗ ನೆಲದ ಹಲಗೆ ಕಿತ್ತು ಕೆಳಗಿನ ಚರಂಡಿಗೆ ಇಳಿದ, ಅಲ್ಲಿಂದ ಆಚೆ ಹೋಗೋ ದಾರೀನ ಅವನೇ ಮುಚ್ಚಿಸಿದ್ದ, ಟೆನಿಸ್ ಆಡೋವಾಗ ಚೆಂಡು ಅದರೊಳಗೆ ಹೋಗ್ತಿತ್ತು ಅಂತ.

ಕೊಂದವರಿಗೆ ಜನ ನಮ್ಮ ಹಿಂದೆ ಬರ್ತಾರೆ ಅನ್ನೋ ಆಸೆ ಇತ್ತು. ಯಾರೂ ಬರ್ಲಿಲ್ಲ. ಒಬ್ಬೊಬ್ಬರನ್ನೇ ಹಿಡಿದು ಚಿತ್ರಹಿಂಸೆ ಕೊಟ್ಟು ಕೊಂದ್ರು, ಮುಂದಿನ ತಿಂಗಳೇ ಅವನ ಆರು ವರ್ಷದ ಮಗನಿಗೆ ಕಿರೀಟ ಇಟ್ರು. ಈ ಸಲ ಸ್ಕೋನ್‌ನಲ್ಲಲ್ಲ, ಎಡಿನ್‌ಬರದ ಹಾಲಿರೂಡ್ ಮಠದಲ್ಲಿ. ಕೊಲೆ ನಡೆದ ಪರ್ತ್‌ಗೆ ಸ್ಕೋನ್ ತೀರಾ ಹತ್ರ.